ಕೆರೆ ಹಸಿರಾದಾಗ ಕಾಯಿಸಿ ಕುಡಿದರೆ ಸಾಲದು

[ಚಿಕ್ಕಮಗಳೂರು–ಬೇಲೂರು ರಸ್ತೆ ಪಕ್ಕದ ಕೆರೆ ದಂಡೆ. ಕೈಯಲ್ಲಿ ಗಾಜಿನ ಬಾಟಲಿ.]

ಈ ಬಾಟಲಿ ನೋಡಿ. ನಿನ್ನೆ ಸಂಜೆ ಇದೇ ಕೆರೆಯಲ್ಲಿ ತುಂಬಿಸಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೆ. ಬೆಳಗಾಗೋ ಹೊತ್ತಿಗೆ ಹಸಿರೆಲ್ಲ ಮೇಲೆ ಬಂದು ಕುತ್ತಿಗೆ ಹತ್ರ ಬಳೆ ಥರ ಕೂತಿದೆ. ಹೀಗೆ ತೇಲೋದು ಸಾಮಾನ್ಯವಾಗಿ ನೀಲಿ-ಹಸಿರು ಪಾಚಿ. ಹೆಸರಿಗಷ್ಟೇ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಎಲ್ಲವೂ ವಿಷ ಮಾಡಲ್ಲ. ಮಾಡಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ, ಲ್ಯಾಬೇ ಹೇಳಬೇಕು.

ನಮ್ಮ ದೊಡ್ಡಮ್ಮ ಇದನ್ನ ನೋಡಿ, "ಕಾಯ್ಸಿ ಆರ್ಸಿ ಕುಡುದ್ರೆ ಆಯ್ತು ಬಿಡಪ್ಪ" ಅಂದ್ರು. ಭೇದಿ ತರೋ ಕ್ರಿಮಿಗೆ ಅವರ ಮಾತು ಸರಿ. ಇಲ್ಲಿ ಮಾತ್ರ ಉಲ್ಟಾ. ಕುದಿಸಿದ್ರೆ ಜೀವಕೋಶ ಒಡೆದು ಒಳಗಿದ್ದ ಮೈಕ್ರೋಸಿಸ್ಟಿನ್ ಅನ್ನೋ ವಿಷ ನೀರಿಗೆ ಬರುತ್ತೆ. ಆವಿಯಾಗಿ ಹೋಗೋದು ನೀರು, ವಿಷ ಪಾತ್ರೆಯಲ್ಲೇ ಉಳಿಯುತ್ತೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಸುಮಾರು 4 ಲಕ್ಷ ಜನಕ್ಕೆ ನಲ್ಲಿ ನೀರು ಕುಡೀಬೇಡಿ, ಕುದಿಸಲೂಬೇಡಿ ಅಂತ ಹೇಳಿದ್ದು ಇದಕ್ಕೇ.

ಜೀವನವಿಡೀ ಕುಡಿಯೋ ನೀರಲ್ಲಿ ಈ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಅಂದ್ರೆ 10 ಸಾವಿರ ಲೀಟರಿನ ನೂರು ಟ್ಯಾಂಕರಿಗೆ ಒಂದೇ ಒಂದು ಗ್ರಾಂ.

[ಚಿತ್ರ: ಏಳು ಮಣಿಯ ಬಳೆ, ಒಂದು ಮಣಿಗೆ ಉದ್ದ ಬಾಲ]

ಮೈಕ್ರೋಸಿಸ್ಟಿನ್ ಅಂದ್ರೆ ಏಳು ಅಮೈನೋ ಆಮ್ಲ ಸೇರಿದ ಬಳೆ. ಒಂದು ಮಣಿಗೆ ಬಾಲ ಇದೆಯಲ್ಲ, ಅದೇ ಚೇಳಿನ ಕೊಂಡಿ. ಯಕೃತ್ತಿನ ಕಿಣ್ವಕ್ಕೆ ಹೋಗಿ ಸಿಕ್ಕಿಕೊಳ್ಳೋದು ಅದು. ಆ ಬಾಲದಲ್ಲಿ ಎರಡು ಕಡೆ ಜೋಡಿ ಬಂಧ (ಡಬಲ್ ಬಾಂಡ್) ಇದೆ. ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ 254 ನ್ಯಾನೋಮೀಟರಿನ ಯುವಿ ಬೆಳಕು ಬಿಟ್ರೆ ಪೆರಾಕ್ಸೈಡ್ ಎರಡು ಹೋಳಾಗಿ ಹೈಡ್ರಾಕ್ಸಿಲ್ ರ್ಯಾಡಿಕಲ್ ಅನ್ನೋ ಚುರುಕು ತುಣುಕು ಹುಟ್ಟುತ್ತೆ. ಕಣ್ಣು ಮಿಟುಕಿಸೋಷ್ಟು ಹೊತ್ತೂ ಬದುಕಲ್ಲ, ಆದ್ರೆ ಸಿಕ್ಕಿದ್ದನ್ನ ಕಚ್ಚದೆ ಬಿಡಲ್ಲ. ಆ ಬಂಧ ಮುರಿದ್ರೆ ಕೊಂಡಿ ಹೋದ ಹಾಗೆ. ಓಝೋನ್ ಜೊತೆ ಪೆರಾಕ್ಸೈಡ್ ಹಾಕೋ ದಾರಿಯೂ ಇದೆ.

ತೊಂದರೆ ಅಂದ್ರೆ, ಈ ರ್ಯಾಡಿಕಲ್‌ಗೆ ವಿಷ ಯಾವುದು, ಕಸ ಯಾವುದು ಅನ್ನೋ ಭೇದ ಇಲ್ಲ. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಮಲೆನಾಡಿನ ನೀರು ಕೊಟ್ರೆ ಅದನ್ನೇ ತಿಂದು ಮುಗಿದುಹೋಗುತ್ತೆ. ನೀರಲ್ಲಿ ಬೈಕಾರ್ಬನೇಟ್ ಅನ್ನೋ ಲವಣ ಜಾಸ್ತಿ ಇದ್ರೂ ಅಷ್ಟೇ. ಅದಕ್ಕೇ ನನ್ನ ಪ್ರಕಾರ ದುಬಾರಿ ಮಷಿನ್‌ಗಿಂತ ಮೊದಲು ಕೇಳಬೇಕಾದ್ದು ಪಟಿಕ ಮತ್ತು ಮರಳು ಸೋಸುಗದ ಕತೆ. ಪಾಚಿಯನ್ನ ಒಡೆಯದೆ ಇಡಿಯಾಗಿ ಹೊರಗೆ ತೆಗೆದ್ರೆ ಒಳಗಿನ ವಿಷವೂ ಅದರ ಜೊತೆಗೇ ಹೋಗುತ್ತೆ. ನೀರಲ್ಲಿ ಆಗಲೇ ಕರಗಿರೋದಕ್ಕೆ ಮಾತ್ರ ರ್ಯಾಡಿಕಲ್. ಕೆರೆಗೆ ಮೈಲುತುತ್ತ ಸುರಿಯೋದಂತೂ ಬೇಡವೇ ಬೇಡ. ಪಾಚಿ ಸತ್ತು ಒಡೆದು ವಿಷವೆಲ್ಲ ಒಟ್ಟಿಗೇ ಹೊರಗೆ ಬರುತ್ತೆ.

"ನಮ್ಮನೆ ಫಿಲ್ಟರಲ್ಲೂ ಯುವಿ ಲೈಟ್ ಇದ್ಯಲ್ಲ?" ಅಂತ ದೊಡ್ಡಮ್ಮನ ಮುಂದಿನ ಪ್ರಶ್ನೆ. ಆ ಬೆಳಕು ಕ್ರಿಮಿ ಸಾಯಿಸೋಷ್ಟು ಮಾತ್ರ. ಈ ಬಳೆ ಮುರಿಯೋಕೆ ಅದರ ಎಷ್ಟೋ ಪಟ್ಟು ಬೇಕು.

[ಕ್ಯಾಮೆರಾ ಕೆರೆಯ ಆಚೆ ದಡಕ್ಕೆ]

ಗಾಳಿ ಆ ಕಡೆ ಬೀಸ್ತಾ ಇದೆ, ಹಸಿರು ಕೆನೆಯೆಲ್ಲ ಅಲ್ಲಿ ಹೋಗಿ ಕಟ್ಟಿದೆ. ದನ ನೀರಿಗೆ ಇಳಿಯೋದೂ ಅಲ್ಲೇ. ಇವತ್ತು ಈ ಕಡೆ ಹೊಡ್ಕೊಂಡು ಬನ್ನಿ ಅಂತ ದನ ಕಾಯೋರಿಗೆ ಹೇಳಿ ಬರ್ತೀನಿ, ಇರಿ.