ಅವಲಕ್ಕಿ ಯಾವುದರಿಂದ ಮಾಡ್ತಾರೆ ಸ್ವಾಮಿ?

ನಮಸ್ಕಾರ. ಕಾಫಿ ಕೈಯಲ್ಲಿದೆ, ಕೋಪ ನೆತ್ತಿಗೇರಿದೆ, ಶುರು ಮಾಡೋಣ.

ಹೋದ ವಾರ ಒಂದು ಮಾತು ಹೇಳಿದ್ದೆ. ನಾನು ಬೆಳಿಗ್ಗೆ ದೀಪ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಮಂತ್ರ ಇಲ್ಲ, ಮಡಿ ಇಲ್ಲ. ನನ್ನ ದೇವರು, ನಾನು, ಅಷ್ಟೇ. ಅದಕ್ಕೊಬ್ಬರು ಕಾಮೆಂಟ್ ಹಾಕಿದ್ದಾರೆ: "ದೊಡ್ಡವರು ಹಾಕಿಕೊಟ್ಟ ದಾರಿ ಬಿಟ್ಟು ಮನೆಗೊಂದು ಧರ್ಮ ಮಾಡ್ತೀರಾ?" ಪ್ರೊಫೈಲ್‌ನಲ್ಲಿ ಯಾರ ಫೋಟೋ ಗೊತ್ತಾ? ಬಸವಣ್ಣನದು!

ಅಯ್ಯಾ ಪುಣ್ಯಾತ್ಮ, ಜನಿವಾರ ಬೇಡ ಅಂತ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರು ಅಂತಲ್ವಾ ಅವರ ಕಥೆ? 12ನೇ ಶತಮಾನದಲ್ಲಿ ಅವರೂ ದೊಡ್ಡವರು ಹೇಳಿದಂತೆ ತೆಪ್ಪಗೆ ಕೂತಿದ್ದರೆ ಇವತ್ತು ನಿಮ್ಮ ಪ್ರೊಫೈಲ್ ಖಾಲಿ ಇರುತ್ತಿತ್ತು.

ನನ್ನದು ಒಂದೇ ಮಾತು. ನೀವು ಸಂಪ್ರದಾಯ ಅನ್ನೋದು ಒಂದು ಕಾಲಕ್ಕೆ ಯಾರದೋ ಸ್ವಂತ ಯೋಚನೆ.

ಉಡುಪಿಗೆ ಬನ್ನಿ. ಮಧ್ವಾಚಾರ್ಯರು ಸನ್ಯಾಸ ತಗೊಂಡಿದ್ದು ಅಚ್ಯುತಪ್ರೇಕ್ಷರ ಹತ್ತಿರ. ಗುರುಗಳು ಅದ್ವೈತದ ಗ್ರಂಥ ಪಾಠ ಶುರು ಮಾಡಿದರೆ, ಶಿಷ್ಯ ಮೊದಲ ಶ್ಲೋಕದಲ್ಲೇ 32 ತಪ್ಪು ತೆಗೆದರಂತೆ. ನಾನು ಹೇಳ್ತಿಲ್ಲ, ಅವರ ಪರಂಪರೆಯವರೇ ಹೆಮ್ಮೆಯಿಂದ ಹೇಳ್ತಾರೆ. ಕೊನೆಗೆ ಗುರುಗಳೇ ಶಿಷ್ಯನ ಮಾತು ಒಪ್ಪಿದರಂತೆ. ಶಂಕರರು, ರಾಮಾನುಜರು, ಮಧ್ವರು, ಮೂವರ ಮುಂದೆಯೂ ಇದ್ದದ್ದು ಅದೇ ಬ್ರಹ್ಮಸೂತ್ರ. ಬರೆದ ಭಾಷ್ಯ ಮಾತ್ರ ಮೂರು ಥರ! ಯಾರದೋ ಸ್ವಂತ ಯೋಚನೆ ಅಂದೆನಲ್ಲ?

"ಅವರು ಆಚಾರ್ಯರು, ನೀನ್ಯಾರು? ಮೊದಲು ಎಲ್ಲ ಓದು, ಆಮೇಲೆ ಮಾತಾಡು." ಹೌದಾ? ಚಕ್ಕುಲಿ ಮೆತ್ತಗಿದೆ ಅನ್ನೋಕೆ ನಾನೇ ಎಣ್ಣೆ ಕಾಸಿರಬೇಕಾ?

ಇನ್ನು "ನಾವು ಪೂರ್ತಿ ಶಾಸ್ತ್ರದ ಪ್ರಕಾರ" ಅನ್ನೋರು. ನಮ್ಮ ದೊಡ್ಡಮ್ಮನ ಏಕಾದಶಿ ನೋಡಬೇಕು ನೀವು. ಅನ್ನ ಮುಟ್ಟೋ ಹಾಗಿಲ್ಲ. ಆದರೆ ಫಲಾಹಾರ ಅಂತ ಒಂದು ತಟ್ಟೆ ಅವಲಕ್ಕಿ, ಮೇಲೆ ಕಾಯಿತುರಿ, ಕರಿಬೇವಿನ ಒಗ್ಗರಣೆ, ಪಕ್ಕದಲ್ಲಿ ಒಂದು ಬಟ್ಟಲು ಮೊಸರು. ಅವಲಕ್ಕಿ ಯಾವುದರಿಂದ ಮಾಡ್ತಾರೆ ದೊಡ್ಡಮ್ಮ ಅಂದರೆ, "ಅದು ಬೇರೆ, ನೀನು ಎದ್ದು ಹೋಗು." ಕಾಫಿ ಎರಡು ಸಲ. ಕಾಫಿ ಲೆಕ್ಕಕ್ಕಿಲ್ಲವಂತೆ! ಯಾವ ಶಾಸ್ತ್ರದಲ್ಲಿದೆ? ದೊಡ್ಡಮ್ಮನ ಶಾಸ್ತ್ರದಲ್ಲಿ. ಅವರು ಆರಿಸಿಕೊಂಡರೆ ಆಚಾರ, ನಾನು ಆರಿಸಿಕೊಂಡರೆ ಅಪಚಾರ!

ಅಂದಹಾಗೆ ಸಬ್‌ಸ್ಕ್ರೈಬ್ ಆಗಿ. ಬೈಯೋದಕ್ಕಾದರೂ ಆಗಿ, ಬೈಗುಳವೂ ಲೆಕ್ಕಕ್ಕೆ ಬರುತ್ತೆ. ನಮ್ಮ ಹೊಸ ಲೋಟದ ಲಿಂಕ್ ಕೆಳಗಿದೆ. ಅದರಲ್ಲಿ ಏಕಾದಶಿ ದಿನವೂ ಕಾಫಿ ಕುಡೀಬಹುದು, ದೊಡ್ಡಮ್ಮನ ಅಪ್ಪಣೆ ಇದೆ.

ಇನ್ನೂ ಮೂರು ಪಾಯಿಂಟ್ ಬರೆದಿಟ್ಟಿದ್ದೆ. ಒಂದರ ಮೇಲೆ ಕಾಫಿ ಚೆಲ್ಲಿದೆ. ಉಳಿದೆರಡು ನೋಡಿದರೆ ಅವೂ ಇದೇ ಮಾತೇ. ಯಾರದೋ ಸ್ವಂತ ಯೋಚನೆ ಸ್ವಾಮಿ! ಯಾರದೋ! ಸ್ವಂತ!

ತಡೀರಿ, ಒಳಗಿಂದ ಕರೀತಿದ್ದಾರೆ. ಇವತ್ತು ಏಕಾದಶಿ. ಅವಲಕ್ಕಿ ಆಯ್ತಂತೆ.