ಮೊದಲು ಗಾಳಿ, ಆಮೇಲೆ ಸ್ಪ್ರಿಂಗು

(ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಗ್ಯಾರೇಜ್ ಕೆಲಸಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ಬೇವಿನ ಮರದ ಕೆಳಗೆ ಒಂದು ಕಾರು ನಿಂತಿದೆ. ನನ್ನ ಮಾತು ಮುಗಿಯುವವರೆಗೆ ಅದನ್ನು ಯಾರೂ ಸ್ಟಾರ್ಟ್ ಮಾಡಬೇಡಿ, ಒಂದು ಗಜ ಕೂಡ ತಳ್ಳಬೇಡಿ. ನಿನ್ನೆ ರಾತ್ರಿಯಿಂದ ಅಲ್ಲೇ ಇದೆ, ಟೈರು ತಣ್ಣಗಿವೆ. ಇವತ್ತಿನ ಪಾಠಕ್ಕೆ ತಣ್ಣಗಿರುವ ಟೈರೇ ಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗರ ಕೈಗೆ ಈಗ ಒಳ್ಳೊಳ್ಳೆ ಸಣ್ಣ ಕಾರು ಬಂದಿವೆ. ಪೋಲೊ ಜಿಟಿ, ಐ20 ಎನ್ ಲೈನ್, ಬಲೆನೊ ಆರ್‌ಎಸ್. 145 ಅಶ್ವಶಕ್ತಿಯ ಅಬಾರ್ತ್ ಪುಂಟೊವನ್ನು ಹುಡುಕಿಕೊಂಡು ಹೋಗಿ ಸೆಕೆಂಡ್ ಹ್ಯಾಂಡ್ ತರುವವರೂ ಇದ್ದಾರೆ. ಇವರಲ್ಲಿ ಹತ್ತು ಜನ ನನ್ನ ಅಲೈನ್‌ಮೆಂಟ್ ಅಂಗಡಿಗೆ ಬಂದರೆ ಎಂಟು ಜನರ ಮೊದಲ ಮಾತು ಒಂದೇ. ಹೋದ ವಾರ ಕೊಪ್ಪಳದಿಂದ ಬಂದವನೂ ಅದನ್ನೇ ಹೇಳಿದ: "ಅಣ್ಣಾ, ಗಾಡಿ ಕೆಳಗ ಇಳಿಸ್ರಿ. ನೋಡಾಕೂ ಚೆಂದ, ತಿರುವಿನ್ಯಾಗ ಬಿಗಿಯಾಗಿ ನಿಲ್ತೈತಿ." ಟೈರಿಗೆ ಎಷ್ಟು ಗಾಳಿ ಹಾಕಿದ್ದೀ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಾಲ್ಕೂ ಟೈರು ನೋಡಿದರೆ ನಾಲ್ಕು ಥರ: 36, 31, 33, 29 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ).

ಆ ಹುಡುಗನ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಕಾರಿಗೆ 40 ಮಿ.ಮೀ. ಇಳಿಸುವ ಸ್ಪ್ರಿಂಗು ಹಾಕಿಸಿ ಆಟೊಕ್ರಾಸ್‌ಗೆ ಹೋದೆ. ಕೋನ್‌ಗಳನ್ನು ಇಟ್ಟ ಅದೇ ಮೈದಾನ, ಅದೇ ದಾರಿ. ಮೊದಲು 58 ಸೆಕೆಂಡಿನಲ್ಲಿ ಮುಗಿಸುತ್ತಿದ್ದವನು 61 ತೆಗೆದುಕೊಂಡೆ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ಮೂತಿ ನೇರ ಮಾಡಿಕೊಂಡು ಕೋನ್ ಕಡೆಗೇ ಹೋಗುತ್ತಿತ್ತು. ದುಡ್ಡು ಹೋದದ್ದಕ್ಕಿಂತ, ಯಾಕೆ ಹೀಗಾಯಿತು ಅನ್ನುವುದು ತಿಳಿಯದೆ ಹೋದದ್ದು ನನ್ನನ್ನು ತುಂಬ ದಿನ ಕಾಡಿತು. ಉತ್ತರ ಸಿಗಲು ಎರಡು ವರ್ಷ ಬೇಕಾಯಿತು. ಅದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ನಾನು ಹೇಳಿದ ಎಲ್ಲ ಕಾರುಗಳಿಗೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕಪ್ ಒಂದೇ ಕಂಬದಲ್ಲಿ ಕೂತದ್ದು), ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ). ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದೆ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕೂಡ ಇದೇ ಮೈಕಟ್ಟಿನದು. 1.6 ಲೀಟರ್, 110 ಅಶ್ವಶಕ್ತಿ, ತೂಕ 800 ಕೆಜಿ ಆಸುಪಾಸು. ಕೆಲವು ಎಂಜಿನಿಯರುಗಳು ಕೆಲಸದ ಹೊತ್ತು ಮುಗಿದ ಮೇಲೆ ಆಸೆಪಟ್ಟು ಕಟ್ಟಲು ಶುರು ಮಾಡಿದ ಕಾರು ಅದು. ಸಂಜೆ ಗ್ಯಾರೇಜಿನಲ್ಲಿ ಕೂರುವ ನಿಮಗೆ ಇದು ತಿಳಿದಿರಲಿ ಅಂತ ಹೇಳಿದೆ.

ಈ ಮೈಕಟ್ಟಿನಲ್ಲಿ ಮುಂದಿನ ಎರಡು ಟೈರು ಪಾಪ, ಎಳೆಯಬೇಕು, ತಿರುಗಬೇಕು, ಬ್ರೇಕಿನ ಹೆಚ್ಚಿನ ಭಾರವನ್ನೂ ಹೊರಬೇಕು. 1100 ಕೆಜಿ ಕಾರಿನಲ್ಲಿ ಮುಂದಿನ ಒಂದೊಂದು ಟೈರಿನ ಮೇಲೆ ಸುಮಾರು 340 ಕೆಜಿ ಕೂತಿರುತ್ತದೆ. 32 ಪಿಎಸ್‌ಐ ಗಾಳಿ ಅಂದರೆ ಚದರ ಸೆಂಟಿಮೀಟರಿಗೆ 2.25 ಕೆಜಿ. ಭಾಗಿಸಿ ನೋಡಿ: ನೆಲ ಕಚ್ಚುವ ಜಾಗ ಸುಮಾರು 150 ಚದರ ಸೆಂ.ಮೀ. ನಿಮ್ಮ ಅಂಗೈಯಷ್ಟು! ಸ್ಪ್ರಿಂಗು, ಶಾಕಪ್, ಬುಷ್ (ಕೀಲಿನ ರಬ್ಬರು), ಲೋವರ್ ಆರ್ಮ್ (ಚಕ್ರದ ಬುಡವನ್ನು ಬಾಡಿಗೆ ಸೇರಿಸುವ ತೋಳು) ಎಲ್ಲವೂ ಇರುವುದು ಆ ಅಂಗೈಯನ್ನು ನೆಲಕ್ಕೆ ಸಮನಾಗಿ ಒತ್ತಿಡುವುದಕ್ಕೆ.

ಈಗ ತಿರುವಿಗೆ ಬರೋಣ. ಕಾರು 0.9 ಜಿ, ಅಂದರೆ ತನ್ನ ತೂಕದ ಶೇ. 90ರಷ್ಟು ಅಡ್ಡ ಬಲದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ತೂಕದ ಕೇಂದ್ರ ನೆಲದಿಂದ 53 ಸೆಂ.ಮೀ. ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ 146 ಸೆಂ.ಮೀ. ಅಂತರ. 1100ನ್ನು 0.9ರಿಂದ, ಆಮೇಲೆ 53ರಿಂದ ಗುಣಿಸಿ 146ರಿಂದ ಭಾಗಿಸಿದರೆ ಸುಮಾರು 360 ಕೆಜಿ. ಅಷ್ಟು ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳ ಮೇಲೆ ಹೋಗಿ ಕೂರುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ, ಗಮನಿಸಿ. ಎಷ್ಟೇ ಗಟ್ಟಿ ಸ್ಪ್ರಿಂಗು ಹಾಕಿದರೂ ಆ 360 ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಮುಂದಿನ ಜೋಡಿಗೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಪಾಲು ಅನ್ನುವುದನ್ನು ಮಾತ್ರ ಸ್ಪ್ರಿಂಗು ಮತ್ತು ಆಂಟಿರೋಲ್ ಬಾರ್ (ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಸೇರಿಸುವ ಸರಳು) ತೀರ್ಮಾನಿಸುತ್ತವೆ.

ಪಾಲಿಗೆ ಯಾಕೆ ಇಷ್ಟು ಬೆಲೆ? ಗಂಗಾವತಿಯ ಭತ್ತದ ಮಂಡಿಗೆ ಹೋಗಿ ನೋಡಿ. ಇಬ್ಬರು ಹಮಾಲರು ಒಂದೊಂದು ಚೀಲ ಹೊತ್ತು ದಿನವಿಡೀ ಓಡಾಡುತ್ತಾರೆ. ಒಬ್ಬನ ಬೆನ್ನಿಗೇ ಎರಡೂ ಚೀಲ ಏರಿಸಿ, ಇನ್ನೊಬ್ಬನನ್ನು ಖಾಲಿ ನಿಲ್ಲಿಸಿದರೆ ಇಬ್ಬರು ಸೇರಿ ಮಾಡುತ್ತಿದ್ದ ಕೆಲಸ ಆಗುವುದಿಲ್ಲ. ಟೈರೂ ಹಾಗೇ. ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗದು, ಅದಕ್ಕಿಂತ ಕಡಿಮೆಯೇ ಏರುತ್ತದೆ. ಮೊದಲೇ ದಣಿದಿರುವ ಮುಂದಿನ ಜೋಡಿಯಲ್ಲಿ ಹೊರಗಿನ ಒಂದರ ಮೇಲೇ ಹೊರೆ ಹೇರಿದರೆ ಕಾರು ತಿರುಗದೆ ನೇರ ಜಾರುತ್ತದೆ. ಇದನ್ನೇ ಅಂಡರ್‌ಸ್ಟಿಯರ್ ಅನ್ನುತ್ತೇವೆ. ಅದಕ್ಕೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂಭಾಗವನ್ನು ಗಟ್ಟಿ ಮಾಡುತ್ತಾರೆ. ಬೀಮಿಗೆ ಸೇರಿಸಿ ಬಿಗಿಯುವ ಬಾರ್ ಒಂದು ದಾರಿ, ಹಿಂದಿನ ಗಟ್ಟಿ ಸ್ಪ್ರಿಂಗು ಇನ್ನೊಂದು. ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟು ಎದ್ದ ಫೋಟೊ ನೋಡಿರುತ್ತೀರಿ. ಅದು ಎದ್ದ ಮೇಲೆ ಹಿಂದೆ ಇನ್ನೂ ಗಟ್ಟಿ ಮಾಡಿ ಉಪಯೋಗವಿಲ್ಲ, ವರ್ಗವಾಗಬೇಕಾದ ಭಾರ ಅಲ್ಲಿ ಉಳಿದೇ ಇಲ್ಲ. ಇನ್ನೊಂದು ಎಚ್ಚರ: ಹೀಗೆ ಮಾಡಿದ ಕಾರಿನಲ್ಲಿ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಸರಕ್ಕನೆ ತಿರುಗುತ್ತದೆ, ಮಳೆಯಲ್ಲಿ ಇನ್ನೂ ಬೇಗ.

ಹಾಗಾದರೆ ನನ್ನ 40 ಮಿ.ಮೀ. ಏನು ಮಾಡಿತು? ಮೂಲ ಎತ್ತರದಲ್ಲಿ ಲೋವರ್ ಆರ್ಮ್ ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ. ಕಾರು ವಾಲಿದಾಗ ಆರ್ಮ್ ಮೇಲೇಳುತ್ತಾ ಚಕ್ರದ ಬುಡವನ್ನು ಹೊರಕ್ಕೆ ದಬ್ಬುತ್ತದೆ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಓರೆ) ಸ್ವಲ್ಪ ಉಳಿಯುತ್ತದೆ. ಅತಿಯಾಗಿ ಇಳಿಸಿದರೆ ಆರ್ಮ್ ಆಗಲೇ ಮಟ್ಟಸವಾಗಿರುತ್ತದೆ, ವಾಲಿದಾಗ ಬುಡವನ್ನು ಒಳಕ್ಕೇ ಎಳೆಯುತ್ತದೆ. ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಇನ್ನೂ ಒಂದಿದೆ. ಸ್ಟ್ರಟ್ ಕಾರಿನಲ್ಲಿ ಬಾಡಿ ಇಳಿದದ್ದಕ್ಕಿಂತ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಹೆಚ್ಚು ಇಳಿಯುತ್ತದೆ. ಅಲ್ಲಿಂದ ತೂಕದ ಕೇಂದ್ರದವರೆಗಿನ ದೂರ, ಅಂದರೆ ವಾಲಿಸುವ ಸನ್ನೆಗೋಲು, ಚಿಕ್ಕದಾಗುವ ಬದಲು ಉದ್ದವಾಗುತ್ತದೆ. ಹೊಸ ಸ್ಪ್ರಿಂಗಿನ ಗಡಸುತನವೆಲ್ಲ ಆ ನಷ್ಟ ತುಂಬುವುದಕ್ಕೇ ಖರ್ಚಾಗುತ್ತದೆ. ಶಾಕಪ್ಪು ಮೇಲೆ ಕೆಳಗೆ ಆಡುವ ಓಟವೂ ಮುಗಿದು ಬಂಪ್ ಸ್ಟಾಪ್ (ಕೊನೆಯಲ್ಲಿ ತಡೆಯುವ ತುಂಡು) ಮೇಲೆ ಕೂತರೆ ಮುಂಭಾಗ ಒಮ್ಮೆಲೇ ಕಲ್ಲಾಗುತ್ತದೆ, ಆ ಕ್ಷಣದಲ್ಲೇ ಹಿಡಿತ ಬಿಡುತ್ತದೆ. ನನ್ನ ಮೂರು ಸೆಕೆಂಡು ಹೋದದ್ದು ಅಲ್ಲಿ. 15ರಿಂದ 25 ಮಿ.ಮೀ. ಸಾಕು, ಅದೂ ಆ ಸ್ಪ್ರಿಂಗಿಗೆ ಹೊಂದುವ ಶಾಕಪ್ ಇದ್ದರೆ ಮಾತ್ರ.

ಸ್ಪ್ರಿಂಗು ಕತ್ತರಿಸುವ ವಿಷಯದಲ್ಲಿ ಗ್ಯಾರೇಜಿನ ಗೆಳೆಯರಿಗೆ ಕೈಮುಗಿದು ಹೇಳುತ್ತೇನೆ, ಮಾಡಬೇಡಿ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ತೆಗೆದರೆ ಉಳಿದದ್ದು ಶೇ. 20ರಷ್ಟು ಗಡಸಾಗುತ್ತದೆ. ಗ್ಯಾಸ್ ಕಟರ್ ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಡುತ್ತದೆ. ಚಕ್ರ ಗುಂಡಿಗೆ ಇಳಿದಾಗ ಮೊಂಡಾದ ಸ್ಪ್ರಿಂಗು ತನ್ನ ಸೀಟಿನಿಂದ ಜಾರಬಹುದು. ನೋಂದಣಿ ಪತ್ರದಲ್ಲಿರುವುದಕ್ಕಿಂತ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ ಅನ್ನುವುದೂ ನೆನಪಿರಲಿ.

ಇನ್ನು ಗಾಳಿ. ನಾನು ಕೊಂಡ ಸಾಮಾನಿನಲ್ಲಿ ಅತಿ ಹೆಚ್ಚು ಸಮಯ ಉಳಿಸಿಕೊಟ್ಟದ್ದು ಒಂದು ಒಳ್ಳೆಯ ಗೇಜು. ಪಂಕ್ಚರ್ ಅಂಗಡಿಯ ಗೇಜಿಗೂ ಪೆಟ್ರೋಲ್ ಬಂಕಿನ ಗೇಜಿಗೂ ಎರಡು ಮೂರು ಪಿಎಸ್‌ಐ ವ್ಯತ್ಯಾಸ ಇರುತ್ತದೆ, ಅದಕ್ಕೇ ನಿಮ್ಮದೇ ಒಂದು ಇಟ್ಟುಕೊಳ್ಳಿ. ಬಳ್ಳಾರಿಯಲ್ಲಿ ಜನವರಿ ಬೆಳಿಗ್ಗೆ 18 ಡಿಗ್ರಿಯಲ್ಲಿ 32 ಹಾಕಿದ ಟೈರು, ಮೇ ಮಧ್ಯಾಹ್ನ 42 ಡಿಗ್ರಿಯಲ್ಲಿ ನಿಂತಲ್ಲೇ ಸುಮಾರು 36 ತೋರಿಸುತ್ತದೆ. ಓಡಿಸಿದರೆ ಇನ್ನೂ ಏರುತ್ತದೆ. 30 ಡಿಗ್ರಿಯಲ್ಲಿ 32 ಇದ್ದ ಟೈರು 70ಕ್ಕೆ ಕಾದರೆ 38. ಬಿಸಿಲಿಗೆ ಕಾದ ಟಾರು ನಮ್ಮಲ್ಲಿ 60 ಡಿಗ್ರಿ ದಾಟುತ್ತದೆ, ಅದರ ಮೇಲೆ ಟೈರು 70 ಮುಟ್ಟುವುದು ದೊಡ್ಡ ಮಾತಲ್ಲ.

ಒಂದು ನಿಮಿಷದ ಆಟೊಕ್ರಾಸ್‌ನಲ್ಲಿ ಟೈರು ಅಷ್ಟು ಕಾಯುವುದಿಲ್ಲ. ಅಲ್ಲಿ ಕಂಪನಿ ಹೇಳಿದ್ದಕ್ಕಿಂತ ಮುಂದೆ ಮೂರು ನಾಲ್ಕು ಹೆಚ್ಚು ಹಾಕಿ ಶುರು ಮಾಡುತ್ತೇನೆ, ಟೈರಿನ ಗೋಡೆ ಮಡಚದಿರಲಿ ಅಂತ. ಶ್ರೀಪೆರಂಬುದೂರಿನ ಹತ್ತಿರದ 3.7 ಕಿ.ಮೀ. ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋದರೆ ಉಲ್ಟಾ. ತಣ್ಣಗಿದ್ದಾಗ 28, 29ಕ್ಕೆ ಇಳಿಸಿ, ಕಾದ ಮೇಲೆ 35ರ ಆಸುಪಾಸು ಬರುವಂತೆ ನೋಡುತ್ತೇನೆ. ನಿಮ್ಮ ಟೈರಿನ ಸಂಖ್ಯೆಯನ್ನು ನೀವೇ ಕಂಡುಹಿಡಿಯಬೇಕು. ಟೈರಿನ ಭುಜದ (ನೆಲ ಮುಟ್ಟುವ ಭಾಗ ಗೋಡೆಗೆ ಸೇರುವ ಅಂಚಿನ) ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದು ಒಂದು ಸುತ್ತು ಓಡಿಸಿ. ಗೆರೆ ಗೋಡೆಯ ಮೇಲಿನವರೆಗೂ ಅಳಿಸಿದ್ದರೆ ಗಾಳಿ ಕಡಿಮೆ, ಭುಜವನ್ನೇ ಮುಟ್ಟದಿದ್ದರೆ ಹೆಚ್ಚು. ಉಷ್ಣತೆ ಅಳೆಯುವ ಸೂಜಿ ಗೇಜು ಸಿಕ್ಕರೆ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಚುಚ್ಚಿ ನೋಡಿ. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿ. ಹೊರ ಅಂಚೇ ಬಿಸಿಯಿದ್ದರೆ ಕ್ಯಾಂಬರ್ ಸಾಲದು.

ಇದೊಂದನ್ನು ಮಾತ್ರ ಮರೆಯಬೇಡಿ. ಟ್ರ್ಯಾಕಿನಲ್ಲಿ 75 ಡಿಗ್ರಿ ಕಾದ ಟೈರಿನಿಂದ ಗಾಳಿ ಬಿಟ್ಟು 35ಕ್ಕೆ ತಂದಿದ್ದರೆ, ಮರುದಿನ ಬೆಳಿಗ್ಗೆ ಅದು 28ಕ್ಕೆ ಇಳಿದಿರುತ್ತದೆ. ಅದೇ ಗಾಳಿಯಲ್ಲಿ ನಾಲ್ಕು ಜನ ಕೂತು ಬಿಸಿಲಿನ ಹೆದ್ದಾರಿಯಲ್ಲಿ ಊರಿಗೆ ಹೊರಟರೆ ಟೈರಿನ ಗೋಡೆ ಮಡಚಿ ಮಡಚಿ ಕಾದು ಸಿಡಿಯಬಹುದು. ಮನೆಗೆ ಹೊರಡುವ ಮುಂಚೆ ಗಾಳಿ ಹಾಕಿಸಿ.

ಕ್ಯಾಂಬರ್ ನೋಡಲು ಮಿಷಿನ್ನೇ ಬೇಕೆಂದಿಲ್ಲ. ಗಾರೆ ಮೇಸ್ತ್ರಿಯ ತೂಗುಗುಂಡು ಸಾಕು. ರಿಮ್ಮಿನ ಮೇಲ್ತುದಿ ಕೆಳತುದಿಗಳ ನಡುವೆ 40 ಸೆಂ.ಮೀ. ಇದ್ದರೆ, ದಾರದಿಂದ ಪ್ರತಿ 7 ಮಿ.ಮೀ. ವ್ಯತ್ಯಾಸಕ್ಕೆ ಒಂದು ಡಿಗ್ರಿ. ನೆಲ ಮಾತ್ರ ಮಟ್ಟಸವಾಗಿರಬೇಕು. ರಸ್ತೆಯ ಕಾರಿಗೆ ಮುಂದೆ ಮೈನಸ್ ಅರ್ಧ ಡಿಗ್ರಿ (ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಇರುತ್ತದೆ, ಟ್ರ್ಯಾಕಿಗೆ ಮೈನಸ್ ಎರಡರಿಂದ ಮೂರು ಬೇಕಾಗುತ್ತದೆ. ದಿನವೂ ಅದೇ ಕಾರಿನಲ್ಲಿ ಓಡಾಡುವವರು ಒಂದೂವರೆಗೆ ನಿಲ್ಲಿಸಿ. ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮುಂದಿನ ಚಕ್ರಕ್ಕೆ ಸೊನ್ನೆ, ಇಲ್ಲವೇ ಒಂದು ಮಿ.ಮೀ. ಹೊರಕ್ಕೆ. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ, ಆದ್ದರಿಂದ ಅದನ್ನು ಕೊನೆಯಲ್ಲಿ ಹಿಡಿಯಿರಿ. ಇದಕ್ಕೆಲ್ಲ ಮುಂಚೆ ಬುಷ್, ಬಾಲ್ ಜಾಯಿಂಟ್ ನೋಡಿ. ಅದಿರು ಲಾರಿ ಓಡಾಡುವ ರಸ್ತೆಯ ಗುಂಡಿಗಳು ಅವನ್ನು ಬೇಗ ತಿನ್ನುತ್ತವೆ, ಕೆಂಪು ಧೂಳು ಶಾಕಪ್ಪಿನ ಸೀಲು ತಿನ್ನುತ್ತದೆ. ಸಡಿಲ ಬುಷ್ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ಅಂಗಡಿ ಬಾಗಿಲು ದಾಟುವಷ್ಟರಲ್ಲಿ ಕೆಟ್ಟಿರುತ್ತದೆ.

ಹಳೆಯ ಟೈರು ಕೊಳ್ಳುವವರು ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2218 ಅಂದರೆ 2018ರ 22ನೇ ವಾರ ತಯಾರಾದದ್ದು. ಟೈರಿನ ಸಂದು ಎಷ್ಟೇ ಆಳ ಉಳಿದಿದ್ದರೂ ನಮ್ಮ ಬಿಸಿಲಲ್ಲಿ ಆ ರಬ್ಬರು ಗಡಸಾಗಿರುತ್ತದೆ.

ಮಣ್ಣಿನ ಮೇಲೆ ಓಡಿಸುವವರಿಗೆ ಬಹುಪಾಲು ಇದೆಲ್ಲ ತಿರುವುಮುರುವು. ಸಂಡೂರಿನ ಕಡೆಯ ಜಲ್ಲಿ ಮಿಶ್ರಿತ ಕೆಂಪು ನೆಲದಲ್ಲಿ ಕಾರು ಎತ್ತರವೇ ಇರಲಿ, ಸ್ಪ್ರಿಂಗು ಮೆತ್ತಗಿರಲಿ, ಓಟ ಉದ್ದವಿರಲಿ. ಟೈರು ಅಗಲವಾದಷ್ಟೂ ಸಡಿಲ ಜಲ್ಲಿಯ ಮೇಲೆ ತೇಲುತ್ತದೆ, ಕಿರಿದಾದದ್ದು ಕೊರೆದು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಕ್ಯಾಂಬರ್ ಒಂದು ಡಿಗ್ರಿ ಸಾಕು. ರಾಯಚೂರಿನ ಎರೆ ನೆಲದಲ್ಲಿ ಒಂದು ಮಳೆ ಬಿದ್ದರೆ ಟೈರಿನ ಸಂದುಗಳೆಲ್ಲ ಮಣ್ಣು ತುಂಬಿ ನುಣ್ಣಗಾಗುತ್ತವೆ. ಅವತ್ತು ಯಾವ ಸೆಟಪ್ಪೂ ಕೆಲಸ ಮಾಡುವುದಿಲ್ಲ, ಕಾರು ಹೊರಗೆ ತೆಗೆಯಬೇಡಿ.

ಹೊಸಪೇಟೆ ಹೆದ್ದಾರಿಯಲ್ಲಿ ಟೆಸ್ಟ್ ಮಾಡಿ ಬರುತ್ತೇವೆ ಅನ್ನುವವರಿದ್ದೀರಿ. ಸಾರ್ವಜನಿಕ ರಸ್ತೆಯಲ್ಲಿ ರೇಸು 189ನೇ ಕಲಂ ಪ್ರಕಾರ ಅಪರಾಧ, ಜೈಲೂ ಆಗಬಹುದು. ಅದಕ್ಕಿಂತ ದೊಡ್ಡದು, ಆ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರು ರಾತ್ರಿ ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತದೆ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಮಾಡಿಸಿಕೊಳ್ಳಿ, ಹೆಲ್ಮೆಟ್ ಹಾಕಿ, ಆಂಬುಲೆನ್ಸ್ ನಿಂತಿರುವ ಕಡೆ ಓಡಿಸಿ.

ಈಗ ಎಲ್ಲರೂ ಏಳಿ. ಮರದ ನೆರಳು ಸರಿಯುವ ಮುಂಚೆ ಕಾರಿನ ನಾಲ್ಕೂ ಟೈರು ಅಳೆಯಬೇಕು. ಇಬ್ಬರು ದಾರ ಹಿಡಿಯಿರಿ, ಒಬ್ಬರು ಗುಂಡು ಇಳಿಬಿಡಿ, ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಉಷ್ಣತೆ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗೇಜು ನನ್ನ ಜೇಬಿನಲ್ಲಿದೆ, ಬನ್ನಿ.