ಐಡಿ ಬ್ಲಾಕ್ ಆದ ಮೇಲೆ ಯಾರ ಬಾಗಿಲು ತಟ್ಟಬೇಕು?

ಗೆಳೆಯರೇ,

ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ 1980–81ರಲ್ಲಿ ನಡೆದ ಮುಷ್ಕರವನ್ನು ಕಂಡವರು ಈ ಸಭೆಯಲ್ಲೂ ಇರಬಹುದು. ಆಗ ಸಂಘ ಕಟ್ಟುವವರಿಗೆ ಒಂದು ಅನುಕೂಲವಿತ್ತು. ಕಾರ್ಖಾನೆಗೆ ಗೇಟ್ ಇತ್ತು. ಪಾಳಿ ಬಿಡುವ ಹೊತ್ತಿಗೆ ಗೇಟಿನೆದುರು ನಿಂತರೆ ಸಾವಿರ ಜನ ಸಿಗುತ್ತಿದ್ದರು. ಇಂದು ಊಟ, ದಿನಸಿ ತಲುಪಿಸುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ, ಮನೆಮನೆಗೆ ಹೋಗಿ ಬ್ಯೂಟಿಷಿಯನ್ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಗೇಟೂ ಇಲ್ಲ, ಪಾಳಿಯೂ ಇಲ್ಲ. ಕೆಲಸ ಹಂಚುವುದು, ದರ ಕಟ್ಟುವುದು, ದಂಡ ಹಾಕುವುದು, ಕೊನೆಗೆ ಐಡಿ, ಅಂದರೆ ಲಾಗಿನ್ ಖಾತೆ, ಬ್ಲಾಕ್ ಮಾಡಿ ಹೊರಹಾಕುವುದು ಎಲ್ಲವೂ ಆ್ಯಪ್‌ನದೇ. ಹಳೆಯ ಕಾಲದ ಮೇಸ್ತ್ರಿಯೊಂದಿಗೆ ಜಗಳವನ್ನಾದರೂ ಆಡಬಹುದಿತ್ತು. ಫೋನಿನೊಳಗಿನ ಈ ಮೇಸ್ತ್ರಿಗೆ ಮುಖವೇ ಇಲ್ಲ.

ಇಂಥಲ್ಲಿ ಕಾರ್ಮಿಕ ಸಂಘ ಏನು ಮಾಡೀತು ಎಂದು ಕೇಳುವವರಿಗೆ ನಾನು ಇಟಲಿಯ ಬೊಲೋನ್ಯ ನಗರದ ಪ್ರಕರಣವನ್ನು ಹೇಳುತ್ತೇನೆ. ಅಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿ ತನ್ನ ಸವಾರರಿಗೆ ವಿಶ್ವಾಸಾರ್ಹತೆಯ ಅಂಕ ಕೊಡುತ್ತಿತ್ತು. ಕಾಯ್ದಿರಿಸಿದ ಅವಧಿಗೆ ಬಾರದವರ, ಕೊನೆ ಗಳಿಗೆಯಲ್ಲಿ ರದ್ದು ಮಾಡಿದವರ ಅಂಕ ಇಳಿಯುತ್ತಿತ್ತು. ಅಂಕ ಇಳಿದರೆ ಮುಂದಿನ ವಾರ ಒಳ್ಳೆಯ ಅವಧಿಗಳು ಇತರರ ಪಾಲು. ಬಾರದಿದ್ದದ್ದು ಜ್ವರದಿಂದಲೋ, ಮಗುವಿಗೆ ಹುಷಾರಿಲ್ಲದ್ದರಿಂದಲೋ, ಮುಷ್ಕರದಿಂದಲೋ ಎಂದು ಆ ಲೆಕ್ಕ ಕೇಳುತ್ತಿರಲಿಲ್ಲ. ಅಲ್ಲಿನ ಸಿಜಿಐಎಲ್ ಎಂಬ ಕಾರ್ಮಿಕ ಒಕ್ಕೂಟಕ್ಕೆ ಸೇರಿದ ಸಂಘಗಳು ನ್ಯಾಯಾಲಯಕ್ಕೆ ಹೋದವು. ಕಾರಣ ಕೇಳದೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ತಾರತಮ್ಯ ಎಂದು 2020ರ ಡಿಸೆಂಬರ್ 31ರಂದು ತೀರ್ಪು ಬಂತು. 50,000 ಯೂರೊ ಪರಿಹಾರವನ್ನೂ ವಿಧಿಸಲಾಯಿತು. ದಾವೆ ಹೂಡಿದ್ದು ಸಂಘಗಳು ಎಂಬುದನ್ನು ಗಮನಿಸಿ. ಒಬ್ಬ ಸವಾರನಿಗೆ ತನ್ನ ಅಂಕ ಇಳಿದದ್ದಷ್ಟೇ ಗೊತ್ತಾಗುತ್ತದೆ. ಹಲವರ ಅನುಭವ ಒಂದೆಡೆ ಸೇರಿದಾಗಲೇ ಹಿಂದಿರುವ ನಿಯಮದ ಆಕಾರ ಕಾಣುವುದು.

ಆದರೆ ನ್ಯಾಯಾಲಯವನ್ನೇ ನಂಬಿ ಕೂರುವುದೂ ಜಾಣತನವಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಊಬರ್ ಚಾಲಕರಿಗೆ ಕನಿಷ್ಠ ವೇತನ ಮತ್ತು ವೇತನಸಹಿತ ರಜೆಯ ಹಕ್ಕು ಇದೆ ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ಜಿಎಂಬಿ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಎಲ್ಲರೂ ಸಂಭ್ರಮಿಸಿದರು. 2023ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಡೆಲಿವರೂ ಸವಾರರ ಪರವಾಗಿ ಚೌಕಾಸಿ ಮಾಡಲು ಮಾನ್ಯತೆ ಕೋರಿದ್ದ ಐಡಬ್ಲ್ಯೂಜಿಬಿ ಸಂಘವನ್ನು ಬರಿಗೈಯಲ್ಲಿ ಕಳಿಸಿತು. ಸವಾರ ತನ್ನ ಬದಲು ಬೇರೊಬ್ಬನನ್ನು ಕಳಿಸಬಹುದು ಎಂಬ ಕರಾರಿನ ಷರತ್ತೇ ಅಲ್ಲಿ ಮುಳುವಾಯಿತು; ಹಾಗೆ ಕಳಿಸಬಲ್ಲವನು ನೌಕರನಲ್ಲ ಎಂದಾಯಿತು. ಕರಾರು ಬರೆಯುವ ಲೇಖನಿ ಯಾರ ಕೈಯಲ್ಲಿದೆ ಎಂಬುದು ನಿಮಗೆ ಗೊತ್ತೇ ಇದೆ.

ಇನ್ನು ನಮ್ಮ ಮನೆಯ ವಿಷಯ. ದೇಶದಲ್ಲಿ 2020–21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, ಅಂದರೆ ಹೀಗೆ ಕಾಯಂ ನೌಕರಿಯಿಲ್ಲದೆ ಬಿಡಿ ಕೆಲಸ ಮಾಡುವವರಿದ್ದರು ಎಂದು ನೀತಿ ಆಯೋಗ ಅಂದಾಜಿಸಿತ್ತು. 2029–30ಕ್ಕೆ ಈ ಸಂಖ್ಯೆ 2.35 ಕೋಟಿ ಆದೀತು ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಇವರನ್ನು ಹೆಸರಿಸಿ ಗುರುತಿಸುತ್ತದೆ, ಆದರೆ ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೇ ಇರಿಸುತ್ತದೆ. ವಿಮೆ, ಪಿಂಚಣಿಯಂಥ ಯೋಜನೆಗಳ ಬಾಗಿಲು ತೆರೆದಿದೆ. ಕನಿಷ್ಠ ವೇತನದ ಬಾಗಿಲು ಮುಚ್ಚಿಯೇ ಇದೆ.

ರಾಜ್ಯಗಳ ಮಟ್ಟದಲ್ಲಿ ರಾಜಸ್ಥಾನ 2023ರಲ್ಲಿ ಮೊದಲ ಕಾಯ್ದೆ ಮಾಡಿತು. ಕರ್ನಾಟಕದ ಕಾಯ್ದೆ 2025ರದು. ಕಾರ್ಮಿಕನಿಗೆ ಪ್ರತಿ ವಹಿವಾಟಿನಲ್ಲಿ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಅದು ಕಲ್ಯಾಣ ಮಂಡಳಿಯ ನಿಧಿಗೆ ಹೋಗುತ್ತದೆ. ಈ ಉಪಾಯ ಹೊಸದೇನಲ್ಲ. ಮಹಾರಾಷ್ಟ್ರದ ಹಮಾಲರು ಹೋರಾಡಿ ಪಡೆದ 1969ರ ಮಾಥಾಡಿ ಕಾಯ್ದೆಯ ಕುಡಿ ಇದು. ಇಂದು ಒಬ್ಬ ವ್ಯಾಪಾರಿಯ ಮೂಟೆ, ನಾಳೆ ಇನ್ನೊಬ್ಬನದು. ಕಾಯಂ ಮಾಲೀಕನಿಲ್ಲದ ಕಡೆ ಮಂಡಳಿಯೇ ನಡುವೆ ನಿಲ್ಲಲಿ ಎಂಬುದು ಅಲ್ಲಿನ ತರ್ಕವಾಗಿತ್ತು.

ನನ್ನ ದೃಷ್ಟಿಯಲ್ಲಿ ಕರ್ನಾಟಕದ ಕಾಯ್ದೆಯ ಬೆಲೆಬಾಳುವ ಭಾಗ ನಿಧಿಯಲ್ಲ. ಐಡಿ ರದ್ದು ಮಾಡಬೇಕಾದರೆ ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಕೊಡಬೇಕು. ಕರಾರು ಬದಲಿಸುವುದಕ್ಕೂ 14 ದಿನ ಮೊದಲೇ ತಿಳಿಸಬೇಕು. ಕೆಲಸದ ಹಂಚಿಕೆ ಮತ್ತು ರೇಟಿಂಗ್ ಮೇಲೆ ಪ್ರಭಾವ ಬೀರುವ ಸ್ವಯಂಚಾಲಿತ ವ್ಯವಸ್ಥೆ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂದು ಕಾರ್ಮಿಕನಿಗೆ ತಿಳಿಸಬೇಕು. ಸಂಘಗಳು ಕಾಲೂರಬೇಕಾದದ್ದು ಇಲ್ಲಿ. ರಾತ್ರಿ ಹನ್ನೊಂದಕ್ಕೆ ಐಡಿ ಬ್ಲಾಕ್ ಆದ ಹುಡುಗ ಬೆಳಿಗ್ಗೆ ಕಾಯ್ದೆಯ ಪುಸ್ತಕ ಹಿಡಿದು ಕಚೇರಿಗೆ ಹೋಗುವುದಿಲ್ಲ. ಬೈಕಿನ ಸಾಲದ ಕಂತು ಇರುತ್ತದೆ, ಬೇರೊಂದು ಆ್ಯಪ್‌ಗೆ ಲಾಗಿನ್ ಆಗುತ್ತಾನೆ. ಅವನ ಪರವಾಗಿ ಅರ್ಜಿ ಬರೆದು, ಬಂದ ಉತ್ತರಗಳನ್ನೆಲ್ಲ ಕಡತ ಮಾಡಿ, ಯಾವ ಕಂಪನಿ ಯಾವ ಕಾರಣಕ್ಕೆ ಹೊರಹಾಕುತ್ತಿದೆ ಎಂಬ ಪಟ್ಟಿ ಕಟ್ಟುವ ಬೇಸರದ ಕೆಲಸವನ್ನು ಸಂಘವಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಘೋಷಣೆ ಕೂಗುವುದು ಇದಕ್ಕಿಂತ ಸುಲಭ, ಒಪ್ಪುತ್ತೇನೆ.

ನಿಧಿಯ ಮೇಲೂ ಕಣ್ಣಿರಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಸಂಗ್ರಹಿಸಿದ ಸೆಸ್ ಹಣ ದೇಶದುದ್ದಕ್ಕೂ ಸಾವಿರಾರು ಕೋಟಿ ರೂಪಾಯಿ ಖರ್ಚಾಗದೆ ಉಳಿದದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತರಾಟೆಗೆ ತೆಗೆದುಕೊಂಡಿತ್ತು. ನಮ್ಮ ಗಿಗ್ ಕಾರ್ಮಿಕರ ಮಂಡಳಿಯ ಕಾರ್ಮಿಕ ಪ್ರತಿನಿಧಿಗಳನ್ನು ನೇಮಿಸುವುದು ಸರ್ಕಾರ. ಸದಸ್ಯಬಲವಿರುವ ಸಂಘ ಬೆನ್ನಿಗಿಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂತವರ ಮಾತಿಗೆ ತೂಕವಿರುವುದಿಲ್ಲ.

ಮುಷ್ಕರದ ವಿಷಯ ಹೇಳದಿದ್ದರೆ ನನ್ನನ್ನು ಬಿಡುವುದಿಲ್ಲ ನೀವು. 2025ರ ಡಿಸೆಂಬರ್ 31ರಂದು ದೇಶದಾದ್ಯಂತ ಆ್ಯಪ್‌ನಿಂದ ಲಾಗ್‌ಔಟ್ ಆಗಿ ಕೆಲಸ ನಿಲ್ಲಿಸಲು ಸಂಘಗಳು ಕರೆ ಕೊಟ್ಟವು. ಆ ಸಂಜೆಯ ಆರ್ಡರುಗಳಿಗೆ ಹೆಚ್ಚಿನ ಇನ್ಸೆಂಟಿವ್ ಬಂತು; ಹೊಸವರ್ಷದ ಮುನ್ನಾದಿನ ಇದು ಮಾಮೂಲು ಎಂದವು ಕಂಪನಿಗಳು. ಬಹಳ ಜನ ದುಡಿದರು, ಅವರನ್ನು ದೂರಲಾರೆ. ಆದರೆ ಮುಷ್ಕರ ವ್ಯರ್ಥವಾಗಲಿಲ್ಲ. ಮುಂದಿನ ತಿಂಗಳು ಕೇಂದ್ರ ಕಾರ್ಮಿಕ ಸಚಿವರು ಮಧ್ಯೆ ಬಂದ ಮೇಲೆ ದಿನಸಿ ತಲುಪಿಸುವ ಬ್ಲಿಂಕಿಟ್ ಕಂಪನಿ ಹತ್ತು ನಿಮಿಷದಲ್ಲಿ ತಲುಪಿಸುವ ತನ್ನ ಭರವಸೆಯನ್ನು ಜಾಹೀರಾತಿನಿಂದ ಕೈಬಿಟ್ಟಿತು. 2021ರಲ್ಲಿ ಗುರುಗ್ರಾಮದಲ್ಲಿ ಅರ್ಬನ್ ಕಂಪನಿಯ ಬ್ಯೂಟಿಷಿಯನ್ನರು ಕಚೇರಿಯೆದುರು ಕೂತಾಗ ಕಂಪನಿ ಅವರ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಹೀಗೆ ದಾವೆ ಬಿದ್ದಾಗ ವಕೀಲರನ್ನು ಹಿಡಿಯುವುದಕ್ಕಾದರೂ ಸಂಘದ ಚಂದಾ ಹಣ ಬೇಕು.

ಇವರಿಗೆ ಬೇಕಾದಾಗ ದುಡಿಯುವ ಸ್ವಾತಂತ್ರ್ಯವೇ ಇಷ್ಟ, ಸಂಘ ಬಂದರೆ ಅದೂ ಹೋಗುತ್ತದೆ ಎನ್ನುವವರಿದ್ದಾರೆ. ಮೊದಲರ್ಧ ನಿಜ. ಕಾಲೇಜು ಮುಗಿಸಿ ಸಂಜೆ ನಾಲ್ಕು ಗಂಟೆ ಬೈಕ್ ಓಡಿಸುವವನಿಗೆ ಹಾಜರಿ ಪುಸ್ತಕ ಬೇಕಿಲ್ಲ. ಆದ್ದರಿಂದ ಎಲ್ಲರನ್ನೂ ಕಾಯಂ ಮಾಡಿ ಎಂಬ ಹಳೆಯ ಬೇಡಿಕೆಯನ್ನು ಮೊದಲಿಗೆ ಇಡುವುದು ನನಗೆ ಸರಿಕಾಣುವುದಿಲ್ಲ. ಮೊದಲು ಕೇಳಬೇಕಾದದ್ದು ದರ. ಕರ್ನಾಟಕದ ಕಾಯ್ದೆ ದರದ ಬಗ್ಗೆ ಕನಿಷ್ಠ ಮಿತಿಯನ್ನು ಹಾಕಿಲ್ಲ. ಬೆಂಗಳೂರಿನಲ್ಲಿ ಆಟೊಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18 ಎಂದು 2025ರ ಆಗಸ್ಟಿನಿಂದ ಸರ್ಕಾರವೇ ಗೊತ್ತುಮಾಡಿದೆ. ಕಾಯುವ ಹೊತ್ತಿಗೂ ಅಲ್ಲಿ ಲೆಕ್ಕವಿದೆ. ಹೋಟೆಲಿನ ಮುಂದೆ ಅರ್ಧ ಗಂಟೆ ಕಾದು, ಏಳು ಕಿಲೋಮೀಟರ್ ಹೋಗಿ, ಖಾಲಿ ಕೈಯಲ್ಲಿ ವಾಪಸು ಬರುವ ಬೈಕಿಗೂ ಕಿಲೋಮೀಟರಿನ ದರ, ಕಾಯುವ ದರ, ಮರಳುವ ಪೆಟ್ರೋಲಿನ ದರ ಗೊತ್ತಾಗಲಿ ಎಂಬ ಅರ್ಜಿಯನ್ನು ಕಾರ್ಮಿಕ ಇಲಾಖೆಗೆ ಕೊಡೋಣ. ಇದಕ್ಕಿಂತ ಐಡಿ ಬ್ಲಾಕ್ ವಿಷಯವೇ ಮೊದಲಾಗಬೇಕು ಎನ್ನುವ ಗೆಳೆಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಈಗ ಅವರು ಮಾತನಾಡಲಿ.